ಹಣೆಯ ಮೇಲಿನ ಬೇಸಿಗೆ

ತೋರುಬೆರಳನ್ನು ಹಣೆಯ ಒಂದು ತುದಿಯಲ್ಲಿಟ್ಟು, ಬೆವರು ಒರೆಸಿಕೊಳ್ಳುವ ಹಾಗೆ ಇನ್ನೊಂದು ತುದಿಗೆ ಎಳೆಯುತ್ತಾ ಕೊಕ್ಕೆಯಂತೆ ಬಗ್ಗಿಸಿ. ಅದು ಬೇಸಿಗೆ. ಅದೇ ಬೆರಳು, ಅದೇ ಎಳೆತ, ಮೂಗಿನ ಮುಂದೆ ಆದರೆ ಕುರೂಪ. ಇನ್ನೂ ಕೆಳಗಿಳಿದು ಗದ್ದದ ಮೇಲಾದರೆ ಒಣಗಿದ್ದು. ಅಮೆರಿಕದ ಕಿವುಡರ ಸನ್ನೆ ಭಾಷೆಯ ಈ ಮೂರು ಪದಗಳನ್ನು ನನಗೆ ಕಲಿಸಿದವಳು ನನ್ನ ತಂಗಿಯ ಮಗಳು. ಜೂನ್ ತಿಂಗಳ ಒಂದು ರಾತ್ರಿ. ಇಲ್ಲಿ ಮೈಸೂರಿನಲ್ಲಿ ಮಳೆ ಹಿಡಿದಿತ್ತು, ಅವಳಿದ್ದ ವಾಷಿಂಗ್ಟನ್ನಿನಲ್ಲಿ ಬಿಸಿಲು. ವಿಡಿಯೊ ಕರೆ ಬಂತು. "ಹ್ಞೂಂ, ಹೇಳು ಪುಟ್ಟಿ" ಅಂದೆ. ಅವಳು ತುಟಿಯ ಮೇಲೆ ಬೆರಳಿಟ್ಟು, "ಮಾವ, ಈಗ ಮಾತು ಬೇಡ, ನೋಡ್ತಾ ಇರಿ" ಅಂದಳು. ಆಮೇಲೆ ಹಣೆ, ಮೂಗು, ಗದ್ದ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಕಲ್ಲು, ಹಲ್ಲು, ಹುಲ್ಲು ಎಂದು ಬೋರ್ಡಿನ ಮೇಲೆ ಬರೆದು, ಒಂದೇ ಒಂದು ಅಕ್ಷರ ಕದಲಿದರೆ ಅರ್ಥ ಹೇಗೆ ಬೇರೆಯಾಗುತ್ತದೆ ಎಂದು ಎಷ್ಟು ಮಕ್ಕಳಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. ಆ ರಾತ್ರಿ ಅದೇ ಪಾಠವನ್ನು ಒಂದು ಹುಡುಗಿ ತನ್ನ ಮುಖವನ್ನೇ ಬೋರ್ಡು ಮಾಡಿಕೊಂಡು ನನಗೆ ಹೇಳಿಕೊಟ್ಟಳು. ನಾವು ನಾಲಿಗೆಯನ್ನು ಹಲ್ಲಿಗೋ ಅಂಗುಳಿಗೋ ತಾಗಿಸಿ ಮಾಡುವ ಕೆಲಸವನ್ನು ಅವರು ಬೆರಳನ್ನು ಹಣೆಗೋ ಗದ್ದಕ್ಕೋ ತಾಗಿಸಿ ಮಾಡುತ್ತಾರೆ. ಅಷ್ಟು ಹೊತ್ತು ಮಳೆಯ ಸದ್ದೂ ನನಗೆ ಕೇಳಿಸಿರಲಿಲ್ಲ.

ಈ ಹುಡುಗಿಯ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಗೊತ್ತು. 1965ರಲ್ಲಿ ಶುರುವಾದದ್ದು. ಮಗು ಮೂರು ವರ್ಷವಾದರೂ ಮಾತಾಡಲಿಲ್ಲ ಎಂದು ಬೀದರಿನಿಂದ, ಕೇರಳದಿಂದ ಕಂಕುಳಲ್ಲಿ ಕೂಸು ಎತ್ತಿಕೊಂಡು ಬರುವ ತಾಯಂದಿರನ್ನು ಅಲ್ಲಿ ದಿನವೂ ಕಾಣಬಹುದು. ನಮ್ಮ ಹುಡುಗಿ ಅಂಥ ಮಕ್ಕಳ ಚಿಕಿತ್ಸೆಯ ವಿದ್ಯೆ ಓದಿದವಳು. ಡೆಸಿಬಲ್ಲು, ಶ್ರವಣಯಂತ್ರ, ಕಾಕ್ಲಿಯರ್ ಇಂಪ್ಲಾಂಟು, ತುಟಿ ನೋಡಿ ಮಾತು ತಿಳಿಯುವ ಅಭ್ಯಾಸ, ಎಲ್ಲ ಅವಳಿಗೆ ಅಂಗೈ ನೆಲ್ಲಿಕಾಯಿ. ಅದೇ ವಿದ್ಯೆಯಲ್ಲಿ ಮುಂದೆ ಓದಲು ಅಮೆರಿಕಕ್ಕೆ ಹೋದಳು. ಅಲ್ಲಿ ಒಂದು ಬೇಸಿಗೆ ಬಿಡುವು ಸಿಕ್ಕಿದಾಗ ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯದಲ್ಲಿ ಸನ್ನೆ ಭಾಷೆ ಮತ್ತು ಕಿವುಡರ ಅಧ್ಯಯನದ ಕೋರ್ಸಿಗೆ ಸೇರಿಕೊಂಡಳು. ಕಿವಿಯ ಬಗ್ಗೆ ಆರು ವರ್ಷ ಓದಿದ್ದರೂ ಕಿವುಡರ ಬಗ್ಗೆ ಏನೂ ಓದಿಲ್ಲ ಎಂದು ಅವಳಿಗೇ ಅನ್ನಿಸಿತಂತೆ. ಅನ್ನಿಸಿದ್ದು ದೊಡ್ಡದು.

ಅಮೆರಿಕದ ವಿಶ್ವವಿದ್ಯಾಲಯಗಳ ಬೇಸಿಗೆ ನಮ್ಮ ಏಪ್ರಿಲ್–ಮೇ ರಜೆಯಂತಲ್ಲ. ಹದಿನಾಲ್ಕು ಹದಿನೈದು ವಾರ ಎಳೆಯುವ ಪಾಠವನ್ನು ಕೆಲವೇ ವಾರಗಳಿಗೆ ಅಡಕಿ, ದಿನವೂ ಗಂಟೆಗಟ್ಟಲೆ ಕೂರಿಸಿ ಕಲಿಸುತ್ತಾರೆ. ಇತಿಹಾಸವನ್ನೋ ಗಣಿತವನ್ನೋ ಹೀಗೆ ತುರುಕಿದರೆ ತಲೆ ಕೆಡಬಹುದು. ಭಾಷೆಗೆ ಮಾತ್ರ ಈ ಕ್ರಮ ಒಗ್ಗುತ್ತದೆ. ವಾರಕ್ಕೆರಡು ಸಲ ನೀರಿಗಿಳಿದವನಿಗಿಂತ ತಿಂಗಳಿಡೀ ಹೊಳೆಯಲ್ಲೇ ಬಿದ್ದಿದ್ದವನಿಗೆ ಈಜು ಬೇಗ ಬರುತ್ತದೆ. ಆ ದೇಶದ ಕಾಲೇಜುಗಳಲ್ಲಿ ಈ ಭಾಷೆ ಕಲಿಯುವವರು 1990ರಲ್ಲಿ ಸಾವಿರದ ಆರುನೂರರಷ್ಟಿದ್ದರು. 2016ರ ಎಣಿಕೆಯ ಹೊತ್ತಿಗೆ ಒಂದು ಲಕ್ಷ ಏಳು ಸಾವಿರ. ಇಂಗ್ಲಿಷನ್ನು ಬಿಟ್ಟರೆ ಸ್ಪ್ಯಾನಿಷ್, ಫ್ರೆಂಚ್, ಆಮೇಲೆ ಇದೇ. ಜರ್ಮನ್ ಕೂಡ ಹಿಂದೆ.

ಮೊದಲ ದಿನ ಮೇಷ್ಟ್ರು ಬಂದು ಲೈಟಿನ ಸ್ವಿಚ್ಚನ್ನು ಎರಡು ಸಲ ಆರಿಸಿ ಹಚ್ಚಿದರು. ಎಲ್ಲರೂ ತಿರುಗಿದರು. ಅದೇ ಹಾಜರಿಯ ಗಂಟೆ. ಮೇಷ್ಟ್ರು ಸ್ವತಃ ಕಿವುಡರು. ಬಾಗಿಲ ಒಳಗೆ ಕಾಲಿಟ್ಟ ಮೇಲೆ ಯಾರೂ ದನಿ ತೆಗೆಯಬಾರದು ಎಂಬುದು ಅವರ ಕಟ್ಟಳೆ. ಸಂಶಯ ಬಂದರೆ ಬೆರಳಲ್ಲಿ ಅಕ್ಷರ ಕೂಡಿಸಿ ಕೇಳಬೇಕು, ಇಲ್ಲವಾದರೆ ಚೀಟಿ ಬರೆಯಬೇಕು. "ಮೊದಲ ವಾರ ಪ್ರತಿ ಸಂಜೆ ಅಳ್ತಿದ್ದೆ, ಮಾವ" ಅಂದಳು ಹುಡುಗಿ. "ತರಗತೀಲಿ ಎಲ್ಲರೂ ನಗ್ತಿರ್ತಾರೆ, ಯಾಕೆ ಅಂತ ನನಗೆ ಗೊತ್ತಾಗ್ತಿರಲಿಲ್ಲ."

ಆ ಒಂದು ಮಾತು ಕೇಳಿ ನನಗೆ ಚಿಕ್ಕಪ್ಪ ನೆನಪಾದರು.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅಪ್ಪನ ಕಿರಿಯ ತಮ್ಮ ಹುಟ್ಟು ಕಿವುಡರು. ಊರಿಗೆಲ್ಲ ಅವರು 'ಮೂಗ'. ಜಗಲಿಯಲ್ಲಿ ಹತ್ತು ಜನ ಕೂತು ನಗುವಾಗ ಚಿಕ್ಕಪ್ಪನೂ ನಗುತ್ತಿದ್ದರು, ಒಂದು ಗಳಿಗೆ ತಡವಾಗಿ. ಎಲ್ಲರ ಮುಖ ನೋಡಿಕೊಂಡು ಆಮೇಲೆ ನಗುವುದು. ಏನು ವಿಷಯ ಎಂದು ಅವರು ಕೈ ತಿರುಗಿಸಿ ಕೇಳಿದರೆ, "ಏನಿಲ್ಲ, ಆಮೇಲೆ" ಎಂದು ನಾವು ಅಂಗೈ ಬೀಸಿಬಿಡುತ್ತಿದ್ದೆವು. ಆ 'ಆಮೇಲೆ' ಐವತ್ತು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ. ನಮ್ಮ ಹುಡುಗಿ ಅದನ್ನು ಒಂದು ವಾರ ಉಂಡಳು. ಕೇಳಿಸುವ ಇಪ್ಪತ್ತು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ ಆ ಗಳಿಗೆಯ ತಡವನ್ನು ಅವರ ಮೈಗೆ ಹತ್ತಿಸುವ ಆ ಮೇಷ್ಟ್ರಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ.

ಗ್ಯಾಲೊಡೆಟ್ ಎಂಬುದು ಮನೆತನದ ಹೆಸರು. ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಥಾಮಸ್ ಹಾಪ್‌ಕಿನ್ಸ್ ಗ್ಯಾಲೊಡೆಟ್ ಎಂಬ ಪಾದ್ರಿಗೆ ಪಕ್ಕದ ಮನೆಯ ಕಿವುಡ ಹುಡುಗಿ ಆಲಿಸ್ ಕಾಗ್ಸ್‌ವೆಲ್ ಪರಿಚಯವಾದಳು. ಅವಳಿಗೆ ಪಾಠ ಹೇಳುವ ವಿದ್ಯೆ ಕಲಿತು ಬರಲು ಅವರು 1815ರಲ್ಲಿ ಯೂರೋಪಿಗೆ ಹೊರಟರು. ಪ್ಯಾರಿಸ್ಸಿನ ಕಿವುಡರ ಶಾಲೆಯಲ್ಲಿ ಲೊರಾಂ ಕ್ಲೆರ್ ಎಂಬ ಕಿವುಡ ಅಧ್ಯಾಪಕರು ಸಿಕ್ಕಿದರು. ಮರುವರ್ಷ ಇಬ್ಬರೂ ಹಡಗು ಹತ್ತಿದರು. 52 ದಿನದ ಪ್ರಯಾಣ. ದಾರಿಯುದ್ದಕ್ಕೂ ಕ್ಲೆರ್ ಇವರಿಗೆ ಸನ್ನೆ ಕಲಿಸಿದರು, ಇವರು ಕ್ಲೆರ್‌ಗೆ ಇಂಗ್ಲಿಷ್ ಕಲಿಸಿದರು. ನನ್ನ ಲೆಕ್ಕದಲ್ಲಿ ಅಮೆರಿಕದ ಮೊಟ್ಟಮೊದಲ ಬೇಸಿಗೆ ಕೋರ್ಸು ನಡೆದದ್ದು ಅಟ್ಲಾಂಟಿಕ್ ಸಾಗರದ ಆ ಹಡಗಿನ ಮೇಲೆ. 1816ರ ಜೂನಿನಿಂದ ಆಗಸ್ಟಿನವರೆಗೆ, ಇಬ್ಬರೇ ವಿದ್ಯಾರ್ಥಿಗಳು, ಇಬ್ಬರೇ ಮೇಷ್ಟ್ರುಗಳು. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆಯಿತು. ಆ ಪಾದ್ರಿಯ ಮಗ ಎಡ್ವರ್ಡ್ ಮೈನರ್ ಗ್ಯಾಲೊಡೆಟ್, ಕಿವುಡ ತಾಯಿಯ ತೊಡೆಯ ಮೇಲೆ ಸನ್ನೆ ಕಲಿತವರು, ವಾಷಿಂಗ್ಟನ್ನಿನ ಕಿವುಡರ ಶಾಲೆಯನ್ನು ಕಾಲೇಜು ಮಾಡಿದರು. ಅದೇ ಮುಂದೆ ಗ್ಯಾಲೊಡೆಟ್ ವಿಶ್ವವಿದ್ಯಾಲಯವಾಯಿತು. ಪದವಿ ಕೊಡುವ ಅಧಿಕಾರಕ್ಕೆ 1864ರಲ್ಲಿ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಅಂತರ್ಯುದ್ಧದ ನಟ್ಟನಡುವೆ.

ಪ್ಯಾರಿಸ್ಸಿನಿಂದ ಬಂದ ಆ ಬೇರಿನಿಂದಾಗಿ ಅಮೆರಿಕದ ಸನ್ನೆ ಭಾಷೆಗೆ ಫ್ರಾನ್ಸಿನ ಸನ್ನೆ ಭಾಷೆ ನೆಂಟ. ಇಂಗ್ಲೆಂಡಿನದು ಪರಕೀಯ. ನ್ಯೂಯಾರ್ಕಿನ ಕಿವುಡರೂ ಲಂಡನ್ನಿನ ಕಿವುಡರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಿಗೆ ಕೂತರೆ ಒಬ್ಬರದು ಇನ್ನೊಬ್ಬರಿಗೆ ಹತ್ತದು. ಅಮೆರಿಕದ ಅಕ್ಷರಗಳಿಗೆ ಒಂದು ಕೈ ಸಾಕು, ಇಂಗ್ಲೆಂಡಿನವಕ್ಕೆ ಎರಡು ಕೈ ಬೇಕು. ಲೋಕದ ಕಿವುಡರೆಲ್ಲ ಒಂದೇ ಸನ್ನೆ ಮಾಡುತ್ತಾರೆ ಎಂದು ಅರವತ್ತೆಂಟು ವರ್ಷ ನಂಬಿಕೊಂಡಿದ್ದೆ.

ನಾಟ್ಯದ ಮುದ್ರೆಗಳ ಹಾಗೆಯೇ ಇದೂ ಎಂದೂ ನಂಬಿದ್ದೆ. ಯಕ್ಷಗಾನ ನೋಡಿ ಬೆಳೆದವರಿಗೆ ಆ ಹೋಲಿಕೆ ಸಹಜವಾಗಿ ಬರುತ್ತದೆ. ಹುಡುಗಿಯೇ ತಿದ್ದಿದಳು. ವೇಷಧಾರಿಯ ಕೈ ಮಾತಾಡುವಾಗ ಹಿಂದೆ ಭಾಗವತರು ಪದ ಹೇಳುತ್ತಿರುತ್ತಾರೆ, ಕಥೆ ನಮಗೆ ಮೊದಲೇ ಗೊತ್ತಿರುತ್ತದೆ. ಮುದ್ರೆಯಲ್ಲಿ ನಾಳೆಯ ಬಸ್ಸಿನ ವೇಳೆ ಕೇಳಲಾಗದು, ಪಕ್ಕದ ಮನೆಯವರ ಮೇಲೆ ದೂರು ಹೇಳಲಾಗದು. ಸನ್ನೆ ಭಾಷೆಯಲ್ಲಿ ಅದೆಲ್ಲ ಆಗುತ್ತದೆ. ಸುಳ್ಳನ್ನೂ ಹೇಳಬಹುದು, ತತ್ವಶಾಸ್ತ್ರವನ್ನೂ ಬೋಧಿಸಬಹುದು. ಅದಕ್ಕೆ ವ್ಯಾಕರಣವಿದೆ. ನಾವು 'ಬಂದೆ' ಎನ್ನುವುದಕ್ಕೆ ಒಂದು ದೀರ್ಘ ಸೇರಿಸಿ 'ಬಂದೆಯಾ' ಎಂದು ಕೇಳುತ್ತೇವಲ್ಲ, ಆ ದೀರ್ಘದ ಕೆಲಸವನ್ನು ಅಲ್ಲಿ ಹುಬ್ಬು ಮಾಡುತ್ತದೆ. ಹುಬ್ಬು ಏರಿಸಿದರೆ ಹೌದೋ ಅಲ್ಲವೋ ಎಂಬ ಪ್ರಶ್ನೆ. ಹುಬ್ಬು ಗಂಟಿಕ್ಕಿದರೆ ಯಾರು, ಎಲ್ಲಿ, ಏಕೆ. ಹೆಣ್ಣುಮಕ್ಕಳು ಮುಖ ಸಿಂಡರಿಸಬಾರದು ಎಂಬ ಮನೆಪಾಠದಲ್ಲಿ ಬೆಳೆದ ನಮ್ಮ ಹುಡುಗಿಗೆ ಕೈಗಿಂತ ಹುಬ್ಬೇ ಕಷ್ಟವಾಯಿತು. ಹುಬ್ಬು ಸುಮ್ಮನಿದ್ದರೆ ಮೇಷ್ಟ್ರಿಗೆ ಪ್ರಶ್ನೆಯೇ ಕಾಣಿಸುತ್ತಿರಲಿಲ್ಲ.

ಇದನ್ನು ಭಾಷೆಯೆಂದು ವಿದ್ವತ್ತಿನ ಲೋಕ ಒಪ್ಪಿದ್ದು ತೀರ ಈಚೆಗೆ. ವಿಲಿಯಂ ಸ್ಟೋಕಿ ಎಂಬವರು 1955ರಲ್ಲಿ ಗ್ಯಾಲೊಡೆಟ್‌ಗೆ ಇಂಗ್ಲಿಷ್ ಸಾಹಿತ್ಯ ಕಲಿಸಲು ಬಂದರು. ಚಾಸರ್ ಕವಿಯ ಪಂಡಿತರು, ಸನ್ನೆಯ ಗಂಧವಿಲ್ಲದವರು. ಅಲ್ಲಿನ ಶಿಕ್ಷಕರೇ ಅದನ್ನು ಮುರುಕು ಇಂಗ್ಲಿಷ್ ಎಂದು ತಿಳಿದಿದ್ದ ಕಾಲ. ಸ್ಟೋಕಿ ಕಣ್ಣಿಟ್ಟು ನೋಡಿದರು. ಕೈಯ ಆಕಾರ, ಕೈ ನಿಲ್ಲುವ ಜಾಗ, ಕೈಯ ಚಲನೆ, ಈ ಮೂರನ್ನು ಬಿಡಿಸಿ 1960ರಲ್ಲಿ ಬರೆದು ತೋರಿಸಿದರು. 1965ರಲ್ಲಿ ನಿಘಂಟು ಬಂತು. ಅದರ ಹೊದಿಕೆಯ ಮೇಲೆ ಅವರ ಜೊತೆ ಇನ್ನೆರಡು ಹೆಸರು, ಡೊರೊತಿ ಕ್ಯಾಸ್ಟರ್‌ಲೈನ್ ಮತ್ತು ಕಾರ್ಲ್ ಕ್ರೋನೆಬರ್ಗ್. ಇಬ್ಬರೂ ಕಿವುಡರು. ಪದಗಳನ್ನು ಅವರು ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಿಸಲಿಲ್ಲ, ಸನ್ನೆಯ ಅಂಗಗಳ ಕ್ರಮದಲ್ಲಿ ಜೋಡಿಸಿದರು. ಕಿಟೆಲರ ನಿಘಂಟನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗುವ ನನಗೆ ಆ ಪುಸ್ತಕದ ಒಂದು ಪುಟವನ್ನಾದರೂ ಮುಟ್ಟಿ ನೋಡುವ ಆಸೆ.

ಈಚೆಗೆ ಏಕೆ, ನೂರು ವರ್ಷ ಮೊದಲೇ ಆಗಬಹುದಿತ್ತಲ್ಲ ಎಂದು ಹುಡುಗಿಯನ್ನು ಕೇಳಿದೆ. ಅವಳು ಮಿಲಾನ್ ಅಂದಳು. 1880ರ ಸೆಪ್ಟೆಂಬರಿನಲ್ಲಿ ಇಟಲಿಯ ಆ ಊರಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸಮ್ಮೇಳನ ಸೇರಿತು. ಬಂದಿದ್ದ 164 ಮಂದಿಯಲ್ಲಿ ಕಿವುಡರು ಒಬ್ಬರೇ, ಅಮೆರಿಕದ ಜೇಮ್ಸ್ ಡೆನಿಸನ್. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಎಂದು ಕೈಯೆತ್ತಿ ತೀರ್ಮಾನವಾಯಿತು. ಕೈಯಲ್ಲಿ ಮಾತಾಡಬಾರದು ಎಂಬುದಕ್ಕೆ ಎದ್ದ ಆ ಕೈಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಲೋಕದ ಶಾಲೆಗಳಿಂದ ಕಿವುಡ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಹೊರಬಿದ್ದರು. ಅದೇ ಸಮ್ಮೇಳನದ ವಾರಸುದಾರರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಆ ತೀರ್ಮಾನಕ್ಕೆ ವಿಷಾದ ಹೇಳಿದ್ದು 2010ರಲ್ಲಿ. ನೂರ ಮೂವತ್ತು ವರ್ಷ.

ಮಿಲಾನಿನ ಗಾಳಿ ಮಲೆನಾಡಿನವರೆಗೂ ಬೀಸಿತ್ತು. ಚಿಕ್ಕಪ್ಪನಿಗೆ ಹತ್ತು ವರ್ಷವಾದಾಗ ಅಜ್ಜ ಅವರನ್ನು ದೂರದ ಊರಿನ ಒಂದು ಶಾಲೆಗೆ ಬಿಟ್ಟು ಬಂದರಂತೆ. ಅಲ್ಲಿ ಮಕ್ಕಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರಬೇಕು, ಮೇಷ್ಟ್ರ ತುಟಿ ನೋಡಬೇಕು, 'ಪ' ಅನ್ನಬೇಕು, 'ಬ' ಅನ್ನಬೇಕು. ತುಟಿ ನೋಡಿದರೆ 'ಪ'ಕ್ಕೂ 'ಬ'ಕ್ಕೂ ವ್ಯತ್ಯಾಸವಿಲ್ಲ, ಕನ್ನಡಿ ಮುಂದೆ ನಿಂತು ನೀವೇ ಹೇಳಿ ನೋಡಿ. ಕೈ ಎತ್ತಿದರೆ ಬೆತ್ತ. ವರ್ಷ ತುಂಬುವ ಮೊದಲೇ ಅಜ್ಜ ಕರೆತಂದರು. ಮನೆಗೆ ಬಂದ ಹುಡುಗ ಎಷ್ಟೋ ತಿಂಗಳು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂರುತ್ತಿದ್ದನಂತೆ. ಅಜ್ಜಿ ಇದನ್ನು ಹೇಳುವಾಗ ಸೆರಗು ಬಾಯಿಗೆ ಹೋಗುತ್ತಿತ್ತು.

ಆಮೇಲೆ ಕೈ ಮತ್ತೆ ಅರಳಿತು. ಮಳೆಗೆ, ಜಿಗಣೆಗೆ, ಕೊನೆ ಕೊಯ್ಲಿಗೆ, ಸುಳ್ಳು ಹೇಳುವ ವ್ಯಾಪಾರಿಗೆ, ಎಲ್ಲದಕ್ಕೂ ಚಿಕ್ಕಪ್ಪನೇ ಸನ್ನೆ ಕಟ್ಟಿದರು. ಭಾಷಾವಿಜ್ಞಾನಿಗಳು ಇಂಥದ್ದನ್ನು ಮನೆಸನ್ನೆ ಎನ್ನುತ್ತಾರಂತೆ. ಶಿಕಾಗೋದ ಸೂಸನ್ ಗೋಲ್ಡಿನ್-ಮೆಡೋ ಎಂಬ ವಿದುಷಿ ದಶಕಗಳಿಂದ ಅಭ್ಯಾಸ ಮಾಡಿದ್ದು ಅದನ್ನೇ. ಯಾರೂ ಕಲಿಸದ ಮಗು ತಾನಾಗಿ ಕಟ್ಟಿಕೊಳ್ಳುವ ಸನ್ನೆಯಲ್ಲೂ ಒಂದು ಕ್ರಮ ಇರುತ್ತದೆ ಎಂಬುದು ಅವರ ಮುಖ್ಯ ಮಾತು. ನಮ್ಮ ಜಗಲಿಯಲ್ಲಿ ಅಂಥ ಒಂದು ಭಾಷೆ ಐವತ್ತು ವರ್ಷ ಬದುಕಿತ್ತು. ಕನ್ನಡ ಮೇಷ್ಟ್ರಾದ ನಾನು ಅದರ ಒಂದು ಪದವನ್ನೂ ಬರೆದಿಡಲಿಲ್ಲ. ತಾಳೆಗರಿ ಹುಡುಕಿಕೊಂಡು ಊರೂರು ಅಲೆದಿದ್ದೇನೆ.

ಚಿಕ್ಕಪ್ಪನಿಗೆ ಇಲ್ಲದ್ದು ಕಿವಿಯಲ್ಲ, ಇನ್ನೊಬ್ಬ ಕಿವುಡ. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಗೆ ಕಿವುಡ ಮಕ್ಕಳನ್ನು ಮೊದಲ ಬಾರಿ ದೊಡ್ಡ ಸಂಖ್ಯೆಯಲ್ಲಿ ಒಂದು ಶಾಲೆಗೆ ತಂದರು. ಪಾಠ ಬಾಯಿಮಾತಿನದೇ. ಆದರೆ ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ ಅವರವರ ಮನೆಸನ್ನೆಗಳು ಬೆರೆತು ಕೆಲವೇ ವರ್ಷದಲ್ಲಿ ಹೊಸ ಭಾಷೆಯೇ ಹುಟ್ಟಿತು. ನಮ್ಮ ಕರ್ನಾಟಕದಲ್ಲೇ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ತಲೆಮಾರುಗಳಿಂದ ಕಿವುಡು ಹೆಚ್ಚು. ಅಲ್ಲಿಗೆ ಅಲ್ಲಿಯದೇ ಸನ್ನೆ ಭಾಷೆ ಇದೆ, ಕೇಳಿಸುವವರಿಗೂ ಅದು ಬರುತ್ತದೆ. ಸಿಬಾಜಿ ಪಂಡಾ ಎಂಬ ಭಾಷಾವಿಜ್ಞಾನಿ ಅದನ್ನು ದಾಖಲಿಸಿದ್ದಾರೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಬಳೆ ಮಾರುವ ಒಬ್ಬ ಕಿವುಡರು ಬರುತ್ತಿದ್ದರು. ಆ ಒಂದು ದಿನ ಚಿಕ್ಕಪ್ಪ ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಾದರೂ ಬಳೆಯಂಗಡಿ ಬಿಟ್ಟು ಏಳುತ್ತಿರಲಿಲ್ಲ. ಕತ್ತಲಾದರೆ ಮಾತು ನಿಲ್ಲುತ್ತದಲ್ಲ, ಪೆಟ್ರೋಮ್ಯಾಕ್ಸಿನ ಬುಡಕ್ಕೆ ಸರಿದು ಕೂರುತ್ತಿದ್ದರು. ವರ್ಷಕ್ಕೊಂದು ದಿನ.

ಅಮೆರಿಕದ ಮಾರ್ಥಾಸ್ ವಿನ್‌ಯರ್ಡ್ ದ್ವೀಪದ ಕಥೆ ಹುಡುಗಿಯ ಪಠ್ಯದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ 155 ಮಂದಿಗೆ ಒಬ್ಬರು ಕಿವುಡರು, ಚಿಲ್‌ಮಾರ್ಕ್ ಎಂಬ ಊರಿನಲ್ಲಿ 25ಕ್ಕೊಬ್ಬರು. ಊರಿಗೆ ಊರಿಗೇ ಸನ್ನೆ ಬರುತ್ತಿತ್ತು. ಬೆಸ್ತರು ದೋಣಿಯಿಂದ ದೋಣಿಗೆ ಕೈಯಲ್ಲೇ ಹರಟುತ್ತಿದ್ದರು. ನೋರಾ ಗ್ರೋಸ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿನ ಮುದುಕರನ್ನು ಮಾತಾಡಿಸಿದಾಗ ಅವರಿಗೆ ಇಂಥವರು ಒಳ್ಳೆಯ ಮೀನುಗಾರ ಎಂಬುದು ಮೊದಲು ನೆನಪಾಗುತ್ತಿತ್ತು, ಕಿವುಡ ಎಂಬುದು ಕೆದಕಿ ಕೇಳಿದ ಮೇಲೆ. ಚಿಕ್ಕಪ್ಪ ಅಡಿಕೆ ಕೊನೆ ಕೊಯ್ಯುವುದರಲ್ಲಿ ನಮ್ಮ ಸೀಮೆಗೇ ಮೇಲೆನಿಸಿದ ಕೊನೆಗೌಡ. ಊರಿಗೆ ಮಾತ್ರ ಅವರು ಮೂಗನಾಗಿಯೇ ಉಳಿದರು.

ಗ್ಯಾಲೊಡೆಟ್‌ನಲ್ಲಿ ಕಟ್ಟಡಗಳನ್ನೂ ಕಣ್ಣಿಗೆ ತಕ್ಕಂತೆ ಕಟ್ಟುತ್ತಾರಂತೆ. ಇಬ್ಬರು ಸನ್ನೆ ಮಾಡುತ್ತಾ ಜೊತೆಯಾಗಿ ನಡೆಯಲು ಅಗಲವಾದ ಓಣಿ, ಎದುರಿನಿಂದ ಬರುವವರು ಕಾಣಲು ದುಂಡಗಿನ ಮೂಲೆ, ಕೈಯ ಬಣ್ಣ ಎದ್ದು ತೋರುವಂಥ ಗೋಡೆ. ಇದನ್ನು ಹೇಳಿದಾಗ ಚಿಕ್ಕಪ್ಪ ಯಾವಾಗಲೂ ಜಗಲಿಯ ಆ ಒಂದೇ ಮೂಲೆಯಲ್ಲಿ, ಬೆನ್ನಿಗೆ ಗೋಡೆ ಕೊಟ್ಟು ಬಾಗಿಲಿಗೆ ಮುಖ ಮಾಡಿ ಏಕೆ ಕೂರುತ್ತಿದ್ದರು ಎಂಬುದು ನನಗೆ ಅರ್ಥವಾಯಿತು. ಆ ಜಾಗದಲ್ಲಿ ಬೇರೆಯವರು ಕೂತರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಟಮಾರಿ ಎಂದುಕೊಂಡಿದ್ದೆವು.

1988ರ ಮಾರ್ಚಿನ ಒಂದು ವಾರದ ಚಿತ್ರವನ್ನೂ ತರಗತಿಯಲ್ಲಿ ತೋರಿಸಿದರು. ಕಾಲೇಜಾಗಿ 124 ವರ್ಷ ಕಳೆದರೂ ಗ್ಯಾಲೊಡೆಟ್‌ಗೆ ಕಿವುಡ ಅಧ್ಯಕ್ಷರು ಬಂದಿರಲಿಲ್ಲ. ಕೊನೆಯ ಮೂವರಲ್ಲಿ ಇಬ್ಬರು ಕಿವುಡರಿದ್ದಾಗಲೂ ಆಡಳಿತ ಮಂಡಳಿ ಕೇಳಿಸುವವರನ್ನೇ ಆರಿಸಿತು. ವಿದ್ಯಾರ್ಥಿಗಳು ಗೇಟುಗಳನ್ನು ಮುಚ್ಚಿ ಬೀದಿಗಿಳಿದರು. ಏಳೆಂಟು ದಿನದಲ್ಲಿ ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಚಿತ್ರ ಮುಗಿದಾಗ ತರಗತಿಯೆಲ್ಲ ಎರಡೂ ಕೈ ಮೇಲೆತ್ತಿ ಬೆರಳಾಡಿಸಿತು. ಚಪ್ಪಾಳೆ ಅಲ್ಲಿ ಹಾಗೆ, ಗಾಳಿಗೆ ಅರಳಿ ಎಲೆ ಆಡಿದ ಹಾಗೆ.

ನಮ್ಮಲ್ಲೂ ಕೆಲಸ ನಡೆದಿದೆ. ದಿಲ್ಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರಕ್ಕೆ ಒಪ್ಪಿಗೆ ಸಿಕ್ಕಿತು. 2018ರಲ್ಲಿ 3,000 ಪದಗಳಿದ್ದ ಅದರ ನಿಘಂಟು 2021ಕ್ಕೆ 10,000 ಮುಟ್ಟಿತು. 2011ರ ಜನಗಣತಿಯಲ್ಲಿ ಕಿವಿ ಕೇಳಿಸದವರೆಂದು ಬರೆಸಿದವರು ಐವತ್ತು ಲಕ್ಷ. ಅವರ ಜೊತೆ ಮಾತಾಡಬೇಕಾದ ಬ್ಯಾಂಕಿನವರು, ಪೊಲೀಸರು, ದಾದಿಯರು, ಮೇಷ್ಟ್ರುಗಳು ಎಷ್ಟು ಲಕ್ಷವೋ. ಬೇಸಿಗೆ ಬಂದರೆ ಮೈಸೂರಿನ ರಂಗಾಯಣದಲ್ಲಿ ಚಿಣ್ಣರ ಮೇಳ ನಡೆದು ಮಕ್ಕಳು ನಾಟಕ ಕಲಿಯುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳ ತರಗತಿಗಳಿಗೆ ಮಾತ್ರ ಆಗ ಬೀಗ. ಆ ಎರಡು ತಿಂಗಳಲ್ಲಿ ಒಂದೊಂದು ಜಿಲ್ಲೆಯಲ್ಲಿ ಒಂದೊಂದು ಕೋಣೆಯ ಬೀಗ ತೆಗೆಯಲಿ. ಕಿವುಡರನ್ನೇ ಮೇಷ್ಟ್ರಾಗಿ ಕರೆದು, ಸಂಬಳ ಕೊಟ್ಟು, ನಾವು ಕೇಳಿಸುವವರು ಬಾಯಿ ಮುಚ್ಚಿ ಅವರ ಮುಂದೆ ಕೂರುವಂತಾಗಲಿ. ಅರ್ಜಿ ಬರೆಯಲು ನಾನು ತಯಾರಿದ್ದೇನೆ, ಮೊದಲ ಬೆಂಚಿನಲ್ಲಿ ಕೂರಲೂ.

ಕೋರ್ಸು ಮುಗಿಯುವ ಹಿಂದಿನ ರಾತ್ರಿ ಹುಡುಗಿ ಮತ್ತೆ ಕರೆದಳು. ಮೇಷ್ಟ್ರು ಅವಳಿಗೆ ಸನ್ನೆಯ ಹೆಸರಿಟ್ಟಿದ್ದರಂತೆ. ಅದನ್ನು ಯಾರೂ ತಮಗೆ ತಾವೇ ಇಟ್ಟುಕೊಳ್ಳುವ ಹಾಗಿಲ್ಲ, ಕಿವುಡರೇ ಕೊಡಬೇಕು. ಲೊರಾಂ ಕ್ಲೆರ್ ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಕೆನ್ನೆಯ ಮೇಲೆ ಗಾಯದ ಕಲೆ ಉಳಿದಿತ್ತು. ಎರಡು ಬೆರಳಿಂದ ಕೆನ್ನೆ ಸವರಿದರೆ ಕ್ಲೆರ್ ಎಂದರ್ಥ. ಇನ್ನೂರು ವರ್ಷದ ಮೇಲೂ ಆ ಹೆಸರು ಹಾಗೇ ಇದೆ. "ಚಿಕ್ಕಜ್ಜ ಮನೆಯವರನ್ನೆಲ್ಲ ಹೇಗೆ ಕರೀತಿದ್ರು ಮಾವ?" ಎಂದು ಕೇಳಿದಳು.

ತೋರಿಸಿದೆ. ಮೂಗಿನ ಎಡಬದಿ ಮುಟ್ಟಿದರೆ ಅಜ್ಜಿ, ಮೂಗುಬೊಟ್ಟು. ಮೀಸೆ ತೀಡಿದರೆ ಅಪ್ಪ. ನಿನ್ನಮ್ಮನಿಗೆ ಎರಡು ಜಡೆ.

"ನಿಮ್ಮನ್ನ?"

ಚಿಕ್ಕಂದಿನಲ್ಲಿ ನಾನು ಅಂಗಿಯ ಕಾಲರು ಕಚ್ಚುತ್ತಿದ್ದೆ. ಕಾಲರಿನ ತುದಿ ಹಿಡಿದು ಬಾಯಿಗೆ ತಂದೆ. ಚಿಕ್ಕಪ್ಪ ಹೋಗಿ ಮೂವತ್ತು ವರ್ಷವಾಯಿತು. ಅಷ್ಟು ವರ್ಷದಿಂದ ಆ ಹೆಸರು ಹಿಡಿದು ಯಾರೂ ನನ್ನನ್ನು ಕರೆದಿರಲಿಲ್ಲ. ಹುಡುಗಿ ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಕಾಲರು ಹಿಡಿದು ಬಾಯಿಗೆ ತಂದು, ಹುಬ್ಬು ಏರಿಸಿದಳು. ನಾನು ಹೌದೆಂದು ತಲೆಯಾಡಿಸಿದೆ.